ಅನ್ನನಾಳವೋ, ಜಠರವೋ, ಕರುಳೋ: ಜೀರ್ಣನಾಳದ ಸ್ಲೈಡ್ ಗುರುತಿಸುವ ಕ್ರಮ

ಹಿಸ್ಟಾಲಜಿ (ಅಂಗಾಂಶಶಾಸ್ತ್ರ) ಪ್ರಯೋಗಾಲಯದಲ್ಲಿ ಹೊಸ ಸ್ಲೈಡ್ ಕೈಗೆ ಬಂದ ಕೂಡಲೇ ಹೆಚ್ಚಿನ ವಿದ್ಯಾರ್ಥಿಗಳು ಲೆನ್ಸನ್ನು ನೇರವಾಗಿ 40 ಪಟ್ಟಿಗೆ ತಿರುಗಿಸುತ್ತಾರೆ. ದೊಡ್ಡದಾಗಿ ಕಂಡರೆ ಚೆನ್ನಾಗಿ ಕಂಡಂತೆ ಎಂಬ ನಂಬಿಕೆ. ಆದರೆ ಅಲ್ಲಿ ಕಾಣುವುದು ಗುಲಾಬಿ ಹಿನ್ನೆಲೆಯಲ್ಲಿ ಒಂದಷ್ಟು ನೇರಳೆ ಚುಕ್ಕೆಗಳು ಮಾತ್ರ. ಅದು ಜಠರವೂ ಆಗಿರಬಹುದು, ಮೂತ್ರಪಿಂಡವೂ ಆಗಿರಬಹುದು. ಜೀರ್ಣನಾಳದ ಮಟ್ಟಿಗೆ ಹೇಳುವುದಾದರೆ, ಅಂಗ ಯಾವುದೆಂದು ತೀರ್ಮಾನಿಸುವುದು 4 ಪಟ್ಟಿನ ಲೆನ್ಸಿನ ಕೆಲಸ. 10 ಪಟ್ಟು ಆ ತೀರ್ಮಾನವನ್ನು ಪರಿಶೀಲಿಸಲು, 40 ಪಟ್ಟು ಕೋಶಗಳ ಹೆಸರು ಹೇಳಲು. ಈ ಕ್ರಮ ತಿರುವುಮುರುವಾದರೆ ಪುಸ್ತಕ ಎಷ್ಟು ಓದಿದ್ದರೂ ಸ್ಲೈಡ್ ಮುಂದೆ ಬಾಯಿ ಕಟ್ಟುತ್ತದೆ.

ಈ ಲೇಖನ ಎಂಬಿಬಿಎಸ್, ಬಿಡಿಎಸ್, ಬಿಎಎಂಎಸ್ ಮೊದಲ ವರ್ಷದವರಿಗೆ, ನರ್ಸಿಂಗ್ ಮತ್ತು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ, ಲ್ಯಾಬ್ ತಂತ್ರಜ್ಞರಿಗೆ. ಇಲ್ಲಿ ಹೇಳುವ ಬಣ್ಣಗಳೆಲ್ಲ ಎಚ್ ಅಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೋಸಿನ್) ಬಣ್ಣ ಹಾಕಿದ ಸ್ಲೈಡಿನವು. ಹೆಮಟಾಕ್ಸಿಲಿನ್ ಎಂಬುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ತೆಗೆಯುವ ಬಣ್ಣ. ಅದು ಕೋಶಕೇಂದ್ರವನ್ನು ನೀಲಿ ನೇರಳೆಯಾಗಿಸುತ್ತದೆ. ಇಯೋಸಿನ್ ಸ್ನಾಯು, ಕೊಲಾಜನ್ ಮತ್ತು ಕೋಶರಸವನ್ನು ಗುಲಾಬಿಯಾಗಿಸುತ್ತದೆ. ಕೊಬ್ಬು ಮತ್ತು ಲೋಳೆ ಇವೆರಡನ್ನೂ ಹೆಚ್ಚಾಗಿ ಹಿಡಿಯುವುದಿಲ್ಲ, ಬಿಳಿಚಿಕೊಂಡು ಖಾಲಿ ಖಾಲಿಯಾಗಿ ಕಾಣುತ್ತವೆ. ಖಾಲಿ ಕಂಡದ್ದೆಲ್ಲ ಖಾಲಿಯಲ್ಲ ಎಂಬುದು ಮುಂದೆ ಲೋಳೆ ತುಂಬಿದ ಗಾಬ್ಲೆಟ್ ಕೋಶಗಳ ವಿಷಯದಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲು ಬರಿಗಣ್ಣಿನಿಂದ ನೋಡಿ

ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಉಂಗುರವಿದೆಯೋ, ಅಥವಾ ಗೋಡೆಯ ಒಂದು ತುಂಡು ಮಾತ್ರವಿದೆಯೋ? ಅನ್ನನಾಳ ಮತ್ತು ಅಪೆಂಡಿಕ್ಸ್ ಸಾಮಾನ್ಯವಾಗಿ ಪೂರ್ತಿ ಉಂಗುರವಾಗಿ ಸಿಗುತ್ತವೆ. ಮನುಷ್ಯನ ಜಠರ ಮತ್ತು ದೊಡ್ಡ ಕರುಳು ಗಾಜಿನ ಮೇಲೆ ಪೂರ್ತಿ ಹಿಡಿಸುವುದಿಲ್ಲವಾದ್ದರಿಂದ ಪಟ್ಟಿಯಂತೆ ಕತ್ತರಿಸಿದ ತುಂಡು ಇರುತ್ತದೆ. ತುಂಡಿನ ಒಂದು ಅಂಚು ನೇರಳೆಯಾಗಿ, ಇನ್ನೊಂದು ಅಂಚು ಗುಲಾಬಿಯಾಗಿ ಕಾಣುತ್ತದೆ. ಕೋಶಗಳು ಒತ್ತೊತ್ತಾಗಿರುವ ನೇರಳೆ ಅಂಚು ಆಹಾರ ಹಾಯುವ ಒಳಭಾಗ. ಗುಲಾಬಿ ಅಂಚು ಸ್ನಾಯುವಿನದು, ಹೊರಭಾಗ. ಒಳಗು ಹೊರಗು ಗೊತ್ತಾಗದೆ ಮುಂದೆ ಹೋಗಬೇಡಿ.

ನಾಲ್ಕು ಪದರಗಳನ್ನು ಹೊರಗಿನಿಂದ ಎಣಿಸಿ

ಅನ್ನನಾಳದಿಂದ ಗುದದ್ವಾರದವರೆಗೆ ಗೋಡೆಯ ಕಟ್ಟಡ ಒಂದೇ: ಮ್ಯೂಕೋಸ (ಒಳಪದರ), ಸಬ್‌ಮ್ಯೂಕೋಸ, ಮಸ್ಕ್ಯುಲಾರಿಸ್ ಎಕ್ಸ್‌ಟರ್ನಾ, ಕೊನೆಗೆ ಹೊರಹೊದಿಕೆಯಾದ ಸೀರೋಸ ಅಥವಾ ಅಡ್ವೆಂಟೀಶಿಯ. ಪುಸ್ತಕಗಳು ಒಳಗಿನಿಂದ ಹೊರಕ್ಕೆ ಹೇಳುತ್ತವೆ. ನನ್ನ ಸಲಹೆ ಉಲ್ಟಾ: ಹೊರಗಿನಿಂದ ಒಳಕ್ಕೆ ಬನ್ನಿ. ಹೊರಗಿನ ಸ್ನಾಯು ಪದರ (ಮಸ್ಕ್ಯುಲಾರಿಸ್ ಎಕ್ಸ್‌ಟರ್ನಾ) ದಪ್ಪವಾಗಿದ್ದು ಎಂಥ ಕೆಟ್ಟ ಸ್ಲೈಡಿನಲ್ಲೂ ಗಟ್ಟಿಯಾಗಿ ಉಳಿದಿರುತ್ತದೆ. ಗೊತ್ತಿರುವ ಜಾಗದಿಂದ ಹೊರಟರೆ ದಾರಿ ತಪ್ಪುವುದಿಲ್ಲ.

ಈ ಸ್ನಾಯುವಿನಲ್ಲಿ ಸಾಮಾನ್ಯವಾಗಿ ಎರಡು ಪದರಗಳಿವೆ (ಜಠರದಲ್ಲಿ ಇವುಗಳ ಒಳಗೆ ಓರೆಯಾದ ಇನ್ನೊಂದು ಪದರವೂ ಇದೆ). ಒಳಗಿನದು ನಾಳವನ್ನು ಸುತ್ತುವ ವೃತ್ತಾಕಾರದ ಪದರ, ಹೊರಗಿನದು ನಾಳದ ಉದ್ದಕ್ಕೂ ಸಾಗುವ ಪದರ. ನಾಳವನ್ನು ಅಡ್ಡಡ್ಡ ಕತ್ತರಿಸಿದ್ದರೆ ಒಳಪದರದ ಎಳೆಗಳು ಉದ್ದುದ್ದ ಮಲಗಿರುತ್ತವೆ, ಹೊರಪದರದ ಎಳೆಗಳು ತುಂಡಾಗಿ ಚುಕ್ಕೆಗಳಂತೆ ಕಾಣುತ್ತವೆ. ಉದ್ದಕ್ಕೆ ಕತ್ತರಿಸಿದ್ದರೆ ಇದು ತದ್ವಿರುದ್ಧ. ಅಂದರೆ ಸ್ಲೈಡನ್ನು ಯಾವ ದಿಕ್ಕಿಗೆ ಕೊಯ್ದಿದ್ದಾರೆ ಎಂಬುದನ್ನು ಸ್ನಾಯುವೇ ಹೇಳುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳುವ ಪರೀಕ್ಷಕರು ಇದ್ದಾರೆ, ಉತ್ತರಿಸುವವರು ಕಡಿಮೆ.

ಸ್ನಾಯುವಿನ ಒಳಗಡೆ ಸಡಿಲವಾದ, ದೊಡ್ಡ ರಕ್ತನಾಳಗಳಿರುವ ತಿಳಿ ಗುಲಾಬಿ ಪದರವೇ ಸಬ್‌ಮ್ಯೂಕೋಸ. ಅದನ್ನು ದಾಟಿದರೆ ಒಂದು ತೆಳು ಸ್ನಾಯು ಗೆರೆ ಸಿಗುತ್ತದೆ: ಮಸ್ಕ್ಯುಲಾರಿಸ್ ಮ್ಯೂಕೋಸೆ. ಎಲ್ಲರೂ ಬಿಟ್ಟುಬಿಡುವುದು ಈ ಗೆರೆಯನ್ನೇ, ಹುಡುಕಲೇಬೇಕಾದುದೂ ಇದನ್ನೇ. ಗ್ರಂಥಿಗಳು ಕಂಡಾಗ ಅವು ಈ ಗೆರೆಯ ಮೇಲಿವೆಯೋ (ಒಳಮೈ ಕಡೆ) ಕೆಳಗಿವೆಯೋ ಎಂದು ಕೇಳಿಕೊಳ್ಳಿ. ಜಠರದ ಗ್ರಂಥಿಗಳಿರಲಿ, ಕರುಳಿನ ಒಳಮೈಯ ಕುಳಿಗಳಾದ ಕ್ರಿಪ್ಟ್‌ಗಳಿರಲಿ, ಎಲ್ಲವೂ ಗೆರೆಯ ಮೇಲೆಯೇ ನಿಲ್ಲುತ್ತವೆ. ಗೆರೆ ದಾಟಿ ಸಬ್‌ಮ್ಯೂಕೋಸದಲ್ಲಿ ಗ್ರಂಥಿ ಕಂಡರೆ ಉತ್ತರ ಎರಡೇ: ಅನ್ನನಾಳ ಅಥವಾ ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ). ಒಂದೇ ಏಟಿಗೆ ಇಷ್ಟು ಆಯ್ಕೆಗಳನ್ನು ಹೊಡೆದುಹಾಕುವ ಬೇರೆ ಗುರುತು ಜೀರ್ಣನಾಳದಲ್ಲಿ ಇಲ್ಲ. ರೋಗಶಾಸ್ತ್ರಜ್ಞರಿಗೂ ಈ ಗೆರೆ ಮುಖ್ಯ. ದೊಡ್ಡ ಕರುಳಿನ ಕ್ಯಾನ್ಸರ್ ಇದನ್ನು ದಾಟಿ ಸಬ್‌ಮ್ಯೂಕೋಸಕ್ಕೆ ಇಳಿದಿದೆಯೇ ಎಂಬುದರ ಮೇಲೆ ಅದರ ಹಂತವೂ ಚಿಕಿತ್ಸೆಯೂ ನಿರ್ಧಾರವಾಗುತ್ತವೆ.

ಈಗ ಒಳಮೈ: ಹಲವು ಸಾಲೋ, ಒಂದೇ ಸಾಲೋ?

10 ಪಟ್ಟಿಗೆ ಬನ್ನಿ. ಒಳಮೈಯ ಅನುಲೇಪಕ ಅಂಗಾಂಶದಲ್ಲಿ ಕೋಶಗಳು ಹಲವು ಸಾಲುಗಳಲ್ಲಿ ಪೇರಿಸಿದಂತಿದ್ದು, ಮೇಲಕ್ಕೆ ಹೋದಂತೆ ಚಪ್ಪಟೆಯಾಗುತ್ತಿದ್ದರೆ ಅದು ಅನ್ನನಾಳ (ಗುದನಾಳದ ಕೊನೆಯ ಭಾಗದಲ್ಲೂ ಹೀಗಿರುತ್ತದೆ, ಆದರೆ ಅದು ಸ್ಲೈಡಾಗಿ ಬರುವುದು ಅಪರೂಪ). ಒಂದೇ ಸಾಲಿನ ಎತ್ತರದ ಕೋಶಗಳಿದ್ದರೆ ಜಠರ ಅಥವಾ ಕರುಳು. ಕಾರಣ ಸರಳ. ಅನ್ನನಾಳದ ಕೆಲಸ ನುಂಗಿದ್ದನ್ನು ಕೆಳಗೆ ತಳ್ಳುವುದಷ್ಟೇ. ಬಿಸಿ, ಒರಟು, ಮೂಳೆ ಚೂರು ಏನು ಉಜ್ಜಿಕೊಂಡು ಹೋದರೂ ಮೇಲಿನ ಸಾಲು ಉದುರಿ ಕೆಳಗಿನದು ಉಳಿಯಬೇಕು. ಸ್ರವಿಸುವ, ಹೀರುವ ಕೆಲಸ ಶುರುವಾಗುವಲ್ಲಿ ಅಷ್ಟು ದಪ್ಪ ಅಡ್ಡ ಬರುತ್ತದೆ.

ಅನ್ನನಾಳ ಎಂದು ಗೊತ್ತಾದ ಮೇಲೆ ಹೊರಸ್ನಾಯುವಿಗೆ ಹಿಂದಿರುಗಿ. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳದ ಮೇಲಿನ ಮೂರನೇ ಒಂದು ಭಾಗದಲ್ಲಿ ಪಟ್ಟೆ ಸ್ನಾಯು, ಕೆಳಗಿನ ಮೂರನೇ ಒಂದು ಭಾಗದಲ್ಲಿ ನಯವಾದ ಸ್ನಾಯು, ನಡುವೆ ಎರಡೂ ಬೆರೆತಿರುತ್ತವೆ. ಪಟ್ಟೆ ಸ್ನಾಯುವಿನ ಎಳೆ ದಪ್ಪ, ಕೋಶಕೇಂದ್ರಗಳು ಎಳೆಯ ಅಂಚಿನಲ್ಲಿ. ನಯವಾದ ಸ್ನಾಯುವಿನ ಎಳೆ ಸಣ್ಣದು, ಕೋಶಕೇಂದ್ರ ನಟ್ಟನಡುವೆ. ಇಷ್ಟು ನೋಡಿದರೆ ತುಂಡು ಯಾವ ಮಟ್ಟದ್ದೆಂದು ಹೇಳಬಹುದು. ಒಂದು ಎಚ್ಚರಿಕೆ: ಹಳೆಯ ಸ್ಲೈಡ್ ಪೆಟ್ಟಿಗೆಗಳಲ್ಲಿ ಪ್ರಾಣಿಗಳ ಅಂಗಗಳೂ ಇರುತ್ತವೆ. ಇಲಿಯ ಅನ್ನನಾಳದ ಮೇಲ್ಮೈಯಲ್ಲಿ ಕೆರಾಟಿನ್ ಪದರವಿರುತ್ತದೆ, ಮನುಷ್ಯನದರಲ್ಲಿ ಇರುವುದಿಲ್ಲ. ನಾಯಿಯಲ್ಲಿ ಪಟ್ಟೆ ಸ್ನಾಯು ಕೊನೆಯವರೆಗೂ ಹೋಗುತ್ತದೆ. ಕೆರಾಟಿನ್ ಕಂಡೊಡನೆ ಚರ್ಮ ಎಂದು ಬರೆಯುವ ಮುನ್ನ ಕೂದಲ ಬುಡ, ಬೆವರು ಗ್ರಂಥಿ ಇವೆಯೇ ಎಂದು ನೋಡಿ.

ಅನ್ನನಾಳ ಜಠರಕ್ಕೆ ಸೇರುವ ಜಾಗದ ಸ್ಲೈಡ್ ಸಿಕ್ಕರೆ ಬಿಡಬೇಡಿ. ಹಲವು ಸಾಲಿನ ಅಂಗಾಂಶ ಯಾವ ಪೀಠಿಕೆಯೂ ಇಲ್ಲದೆ ಥಟ್ಟನೆ ನಿಂತು, ಪಕ್ಕದ ಕೋಶದಿಂದಲೇ ಒಂದು ಸಾಲಿನ ಎತ್ತರದ ಕೋಶಗಳು ಆರಂಭವಾಗುತ್ತವೆ. ಜಠರದ ಆಮ್ಲ ವರ್ಷಗಟ್ಟಲೆ ಮೇಲಕ್ಕೆ ಉಕ್ಕುತ್ತಿದ್ದರೆ ಅನ್ನನಾಳದ ಕೆಳಭಾಗದ ಒಳಮೈ ಬದಲಾಗಿ, ಕರುಳಿನಲ್ಲಿರಬೇಕಾದ ಗಾಬ್ಲೆಟ್ ಕೋಶಗಳು ಅಲ್ಲಿ ಕಾಣಿಸಿಕೊಳ್ಳಬಹುದು. ಬ್ಯಾರೆಟ್ ಅನ್ನನಾಳ ಎಂದರೆ ಇದೇ.

ಜಠರ: ಕುಳಿಯ ಆಳ ಅಳೆಯಿರಿ

ಜಠರದ ಒಳಮೈಯಲ್ಲಿ ಬೆರಳಿನಂತೆ ಮೇಲೆದ್ದ ವಿಲ್ಲೈ (ಏಕವಚನ: ವಿಲ್ಲಸ್) ಇಲ್ಲ. ಮೇಲ್ಮೈ ಅಲ್ಲಲ್ಲಿ ಕುಳಿಯಾಗಿ ತಗ್ಗುತ್ತದೆ, ಕುಳಿಗಳ ತಳಕ್ಕೆ ಗ್ರಂಥಿಗಳು ಬಂದು ತೆರೆದುಕೊಳ್ಳುತ್ತವೆ. ಮೇಲ್ಮೈ ಕೋಶಗಳೆಲ್ಲ ಲೋಳೆ ಸುರಿಸುವ ಒಂದೇ ಬಗೆಯವು. ಬಿಡಿಬಿಡಿಯಾದ ಗಾಬ್ಲೆಟ್ ಕೋಶ ಆರೋಗ್ಯವಂತ ಜಠರದಲ್ಲಿ ಇರಲೇಬಾರದು. ಇದ್ದರೆ ಅದು ದೀರ್ಘಕಾಲದ ಉರಿಯೂತದ ಸೂಚನೆ.

ಜಠರದ ಮೇಲಿನ ಫಂಡಸ್ ಭಾಗವೋ ಕರುಳಿಗೆ ಸೇರುವ ಕಡೆಯ ಪೈಲೋರಸ್ ಭಾಗವೋ ಎಂದು ತಿಳಿಯಲು ಕುಳಿಯ ಆಳವನ್ನು ಮ್ಯೂಕೋಸದ ಒಟ್ಟು ದಪ್ಪದೊಡನೆ ಹೋಲಿಸಿ. ಫಂಡಸ್‌ನಲ್ಲಿ ಕುಳಿ ಕಾಲು ಭಾಗದಷ್ಟು, ಉಳಿದದ್ದು ನೇರವಾದ ಉದ್ದ ಗ್ರಂಥಿ. ಪೈಲೋರಸ್‌ನಲ್ಲಿ ಕುಳಿ ಅರ್ಧದಷ್ಟು ಅಥವಾ ಅದಕ್ಕೂ ಆಳ, ಗ್ರಂಥಿ ಗಿಡ್ಡ, ಸುರುಳಿ ಸುತ್ತಿ ಬಿಳಿಚಿಕೊಂಡಿರುತ್ತದೆ.

40 ಪಟ್ಟು ಹಾಕಲು ಇದು ಸರಿಯಾದ ಜಾಗ. ಫಂಡಸ್ ಗ್ರಂಥಿಯೊಂದನ್ನು ಹಿಡಿದು ಮೇಲಿನಿಂದ ಕೆಳಗೆ ಇಳಿಯಿರಿ. ಮೇಲರ್ಧದಲ್ಲಿ ದುಂಡಗೆ, ಗಾಢ ಗುಲಾಬಿಯಾಗಿ, ನಡುವೆ ಒಂದು ಗುಂಡನೆಯ ಕೋಶಕೇಂದ್ರ ಇಟ್ಟುಕೊಂಡಿರುವವು ಪರೈಟಲ್ ಕೋಶಗಳು. ಹೈಡ್ರೋಕ್ಲೋರಿಕ್ ಆಮ್ಲ ಪಂಪ್ ಮಾಡಲು ಇವುಗಳೊಳಗೆ ಮೈಟೋಕಾಂಡ್ರಿಯಾ ಕಿಕ್ಕಿರಿದಿವೆ. ಆ ಗುಲಾಬಿ ಬಣ್ಣ ಅವುಗಳದೇ. ಬಿ12 ಜೀವಸತ್ವ ಹೀರಿಕೊಳ್ಳಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರನ್ನು ಸ್ರವಿಸುವುದೂ ಇವೇ. ಗ್ರಂಥಿಯ ತಳಕ್ಕೆ ಬಂದರೆ ಬಣ್ಣ ನೇರಳೆಗೆ ತಿರುಗುತ್ತದೆ: ಚೀಫ್ ಕೋಶಗಳು, ಪೆಪ್ಸಿನೋಜೆನ್ ತಯಾರಿಸುವವು. ಪ್ರೋಟೀನ್ ತಯಾರಿಕೆಗೆ ಬೇಕಾದ ರೈಬೋಸೋಮುಗಳು ಹೇರಳವಾಗಿರುವುದರಿಂದ ಬುಡದ ಕೋಶರಸ ಹೆಮಟಾಕ್ಸಿಲಿನ್ ಹಿಡಿಯುತ್ತದೆ. ಮೇಲೆ ಗುಲಾಬಿ, ಕೆಳಗೆ ನೇರಳೆ ಎಂದು ಬಾಯಿಪಾಠ ಮಾಡುವ ಬದಲು ಆಮ್ಲ ಯಾರದು, ಪ್ರೋಟೀನ್ ಯಾರದು ಎಂದು ನೆನಪಿಟ್ಟರೆ ಬಣ್ಣ ತಾನಾಗಿ ಬರುತ್ತದೆ.

ಸ್ಲೈಡಿನಲ್ಲಿ ಕಂಡದ್ದನ್ನು ನಂಬುವುದಕ್ಕೆ ಜಠರ ಒಳ್ಳೆಯ ಪಾಠಶಾಲೆ. ಆಸ್ಟ್ರೇಲಿಯಾದ ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರನ್ 1979ರಲ್ಲಿ ಜಠರದ ಬಯಾಪ್ಸಿ ಸ್ಲೈಡ್‌ಗಳ ಮೇಲ್ಮೈ ಲೋಳೆಯಲ್ಲಿ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡರು. ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುವುದಿಲ್ಲ ಎಂಬುದು ಆಗಿನ ಗಟ್ಟಿ ನಂಬಿಕೆ. ಬ್ಯಾರಿ ಮಾರ್ಷಲ್ ಜೊತೆ ಸೇರಿ ಅವರು ಅದನ್ನು ಬೆನ್ನುಹತ್ತಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಜಠರದ ಉರಿಯೂತಕ್ಕೂ ಹುಣ್ಣಿಗೂ ಕಾರಣ ಎಂದು ತೋರಿಸಿದ್ದಕ್ಕೆ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಸಣ್ಣ ಕರುಳು: ವಿಲ್ಲಸ್ ಯಾವುದು, ಕ್ರಿಪ್ಟ್ ಯಾವುದು?

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅತಿ ಹೆಚ್ಚು ಗೊಂದಲ ಇಲ್ಲಿಯೇ. ಪುಸ್ತಕದ ಚಿತ್ರದಲ್ಲಿ ವಿಲ್ಲೈ ನೆಟ್ಟಗೆ ಸಾಲಾಗಿ ನಿಂತಿರುತ್ತವೆ. ನಿಜವಾದ ಸ್ಲೈಡಿನಲ್ಲಿ ಅವು ವಾಲಿರುತ್ತವೆ, ಮಡಚಿರುತ್ತವೆ, ತುದಿ ಮಾತ್ರ ಕತ್ತರಿಸಿಕೊಂಡು ನಾಳದ ನಡುವೆ ಒಂಟಿಯಾಗಿ ತೇಲುವಂತೆ ಕಾಣುತ್ತವೆ. ಬುಡದ ಹತ್ತಿರ ಕ್ರಿಪ್ಟ್‌ಗಳೂ ದುಂಡಗೆ ಕತ್ತರಿಸಲ್ಪಟ್ಟಿರುತ್ತವೆ. ಎರಡೂ ದುಂಡು, ಎರಡರ ಸುತ್ತಲೂ ಎತ್ತರದ ಕೋಶಗಳು.

ವಿಲ್ಲಸ್ ನೆಲದಿಂದ ಎದ್ದ ದಿಬ್ಬ, ಕ್ರಿಪ್ಟ್ ನೆಲದೊಳಕ್ಕೆ ತೋಡಿದ ಬಾವಿ. ದಿಬ್ಬವನ್ನು ಅಡ್ಡ ಕೊಯ್ದರೆ ನಡುವೆ ಮಣ್ಣು, ಸುತ್ತ ಗಾಳಿ. ಬಾವಿಯನ್ನು ಅಡ್ಡ ಕೊಯ್ದರೆ ನಡುವೆ ಗಾಳಿ, ಸುತ್ತ ಮಣ್ಣು. ಸ್ಲೈಡಿಗೆ ಬನ್ನಿ: ದುಂಡಗಿನ ತುಂಡಿನ ನಡುವೆ ರಕ್ತನಾಳಗಳಿರುವ ಸಡಿಲ ಸಂಯೋಜಕ ಅಂಗಾಂಶವಿದ್ದು, ಹೊರಗೆ ಖಾಲಿ ಜಾಗವಿದ್ದರೆ ವಿಲ್ಲಸ್. ನಡುವೆ ಸಣ್ಣ ಖಾಲಿ ರಂಧ್ರವಿದ್ದು, ಹೊರಗೆಲ್ಲ ಸಂಯೋಜಕ ಅಂಗಾಂಶ ತುಂಬಿದ್ದರೆ ಕ್ರಿಪ್ಟ್. ಅನುಮಾನವಿದ್ದರೆ ಕೋಶಕೇಂದ್ರಗಳನ್ನು ನೋಡಿ. ಅವು ಯಾವಾಗಲೂ ಕೋಶದ ಬುಡದ ಕಡೆಗಿರುತ್ತವೆ. ವಿಲ್ಲಸ್‌ನಲ್ಲಿ ಬುಡ ಒಳಮುಖವಾಗಿರುತ್ತದೆ, ಕ್ರಿಪ್ಟ್‌ನಲ್ಲಿ ಹೊರಮುಖವಾಗಿ. ಹತ್ತು ನಿಮಿಷ ಕುಳಿತು ಒಂದೇ ಸ್ಲೈಡಿನಲ್ಲಿ ಎರಡನ್ನೂ ಹುಡುಕಿದರೆ ಈ ಗೊಂದಲ ಮತ್ತೆ ಕಾಡದು.

ವಿಲ್ಲಸ್ ಎತ್ತರ ಅರ್ಧದಿಂದ ಒಂದು ಮಿಲಿಮೀಟರ್. ಅದರ ಮೈ ತುಂಬ ಹೀರುವ ಕೋಶಗಳು. ಅವುಗಳ ಮೇಲಂಚಿನಲ್ಲಿ 40 ಪಟ್ಟಿನಲ್ಲಿ ಕಾಣುವ ತೆಳು ಗುಲಾಬಿ ಗೆರೆಯೇ ಮೈಕ್ರೋವಿಲ್ಲೈಗಳ ಗುಂಪು. ನಡುನಡುವೆ ಬಣ್ಣ ಹಿಡಿಯದೆ ಖಾಲಿ ಕಾಣುವ ಗಾಬ್ಲೆಟ್ ಕೋಶಗಳು. ಲೋಳೆಯನ್ನು ಹಿಡಿಯುವ ಪಿಎಎಸ್ ಬಣ್ಣ ಹಾಕಿದರೆ ಇದೇ ಖಾಲಿ ಜಾಗ ಕಡು ಕೆಂಪು ನೇರಳೆಯಾಗಿ ತುಂಬಿಕೊಳ್ಳುತ್ತದೆ. ಕ್ರಿಪ್ಟ್ ತಳದಲ್ಲಿ ಕಾಂಡಕೋಶಗಳು ಹುಟ್ಟಿಸುವ ಹೊಸ ಕೋಶಗಳು ಮೇಲಕ್ಕೆ ಸರಿಯುತ್ತ, ಕೆಲವೇ ದಿನಗಳಲ್ಲಿ ವಿಲ್ಲಸ್ ತುದಿ ತಲುಪಿ ಉದುರುತ್ತವೆ. ಅದೇ ತಳದಲ್ಲಿ ಕೆಂಪು ಗುಲಾಬಿ ಕಣಗಳನ್ನು ತುಂಬಿಕೊಂಡ ಪ್ಯಾನೆತ್ ಕೋಶಗಳಿವೆ, ಬ್ಯಾಕ್ಟೀರಿಯಾ ಕೊಲ್ಲುವ ಲೈಸೋಜೈಮ್ ಮತ್ತು ಡಿಫೆನ್ಸಿನ್ ಸ್ರವಿಸುವವು. ಕಣಗಳು ರಂಧ್ರದ ಕಡೆಗಿದ್ದರೆ ಪ್ಯಾನೆತ್. ಕಣಗಳು ಬುಡದ ಕಡೆಗಿದ್ದರೆ ಹಾರ್ಮೋನ್ ಸ್ರವಿಸುವ ಕೋಶ, ಅದರ ಸರಕು ರಕ್ತಕ್ಕೆ ಹೋಗಬೇಕಾದದ್ದು.

ಇನ್ನು ಸಣ್ಣ ಕರುಳಿನ ಯಾವ ಭಾಗ ಎಂಬುದು. 4 ಪಟ್ಟಿಗೆ ಮರಳಿ, ಮಸ್ಕ್ಯುಲಾರಿಸ್ ಮ್ಯೂಕೋಸೆಯ ಕೆಳಗೆ ನೋಡಿ. ಅಲ್ಲಿ ತಿಳಿ ಬಣ್ಣದ ಲೋಳೆ ಗ್ರಂಥಿಗಳ ಗೊಂಚಲಿದ್ದರೆ ಡ್ಯುಯೋಡಿನಮ್. ಇವು ಬ್ರನ್ನರ್ ಗ್ರಂಥಿಗಳು, ಜಠರದಿಂದ ಬರುವ ಆಮ್ಲವನ್ನು ತಣಿಸುವ ಕ್ಷಾರೀಯ ಲೋಳೆ ಇವುಗಳದು. ಗ್ರಂಥಿಗಳ ಬದಲು ರೋಗನಿರೋಧಕ ಕೋಶಗಳು ಗುಂಪುಗೂಡಿದ ಗಾಢ ನೇರಳೆಯ ಲಿಂಫಾಯ್ಡ್ ಗಂಟುಗಳು ಸಾಲಾಗಿ ಸೇರಿಕೊಂಡಿದ್ದು, ಅವುಗಳ ಮೇಲೆ ವಿಲ್ಲೈ ಮೊಂಡಾಗಿದ್ದರೆ ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್. ಸ್ವಿಟ್ಜರ್‌ಲೆಂಡಿನ ಯೋಹಾನ್ ಕೊನ್ರಾಡ್ ಪೇಯರ್ 1677ರಲ್ಲಿ ವರ್ಣಿಸಿದ ಪೇಯರ್ ಪ್ಯಾಚ್ ಎಂದರೆ ಈ ಗಂಟುಗಳ ಗುಂಪೇ. ಒಂಟಿ ಗಂಟು ನೋಡಿ ಇಲಿಯಮ್ ಎಂದುಬಿಡಬೇಡಿ, ಒಂಟಿ ಗಂಟುಗಳು ಜೀರ್ಣನಾಳದಲ್ಲಿ ಎಲ್ಲಿ ಬೇಕಾದರೂ ಸಿಗುತ್ತವೆ. ಗ್ರಂಥಿಯೂ ಇಲ್ಲ, ಗಂಟಿನ ಗುಂಪೂ ಇಲ್ಲ, ವಿಲ್ಲೈ ಮಾತ್ರ ಸೊಂಪಾಗಿವೆ ಎಂದರೆ ನಡುವಿನ ಭಾಗವಾದ ಜೆಜುನಮ್.

ವಿಲ್ಲೈ ಎತ್ತರ ಕಣ್ಣಿಗೆ ರೂಢಿಯಾದರೆ ಅದು ಕಡಿಮೆಯಾದದ್ದೂ ಗೊತ್ತಾಗುತ್ತದೆ. ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್ ರೋಗಿಯ ಬಯಾಪ್ಸಿಯಲ್ಲಿ ವಿಲ್ಲೈ ಸವೆದು ಚಪ್ಪಟೆಯಾಗಿರುತ್ತವೆ, ಕ್ರಿಪ್ಟ್‌ಗಳು ಉದ್ದವಾಗಿರುತ್ತವೆ, ಮೇಲ್ಮೈ ಕೋಶಗಳ ನಡುವೆ ಲಿಂಫೋಸೈಟ್‌ಗಳು ನುಗ್ಗಿರುತ್ತವೆ.

ದೊಡ್ಡ ಕರುಳು ಮತ್ತು ಅಪೆಂಡಿಕ್ಸ್

ವಿಲ್ಲೈ ಇಲ್ಲ, ಮೇಲ್ಮೈ ಮಟ್ಟಸ, ಕ್ರಿಪ್ಟ್‌ಗಳು ನೇರವಾಗಿ ಒತ್ತೊತ್ತಾಗಿ ಮಸ್ಕ್ಯುಲಾರಿಸ್ ಮ್ಯೂಕೋಸೆಯವರೆಗೆ ಇಳಿದಿವೆ, ಅವುಗಳ ತುಂಬ ಗಾಬ್ಲೆಟ್ ಕೋಶಗಳು: ಇದು ದೊಡ್ಡ ಕರುಳು. ನೀರು ಹೀರಿ ಗಟ್ಟಿಯಾದ ಮಲ ಜಾರಿಹೋಗಲು ಇಷ್ಟು ಲೋಳೆ ಬೇಕು. ಹೊರಸ್ನಾಯುವಿನ ಉದ್ದದ ಪದರ ಕೋಲನ್ನಿನಲ್ಲಿ ಮೂರು ಕಡೆ ಪಟ್ಟಿಯಾಗಿ ದಪ್ಪಗಾಗಿ ಉಳಿದೆಡೆ ತೆಳುವಾಗಿರುತ್ತದೆ; ತುಂಡಿನಲ್ಲಿ ಹೊರಪದರ ಒಂದೆಡೆ ದಪ್ಪ, ಒಂದೆಡೆ ಕಂಡೂ ಕಾಣದಂತಿದ್ದರೆ ಗಾಬರಿಯಾಗಬೇಡಿ.

ಅಪೆಂಡಿಕ್ಸ್ ಗೋಡೆಯೂ ಹೀಗೆಯೇ, ಆದರೆ ಚಿಕ್ಕ ಉಂಗುರ, ಕಿರಿದಾದ ರಂಧ್ರ, ಅದರ ಸುತ್ತಲೂ ಲಿಂಫಾಯ್ಡ್ ಗಂಟುಗಳ ದಟ್ಟ ವರ್ತುಲ. ಉದ್ದದ ಸ್ನಾಯು ಸುತ್ತಲೂ ಒಂದೇ ಸಮ. ಇಲಿಯಮ್ ಎಂದು ತಪ್ಪು ಬರೆಯುವವರು ವಿಲ್ಲೈ ಇದೆಯೇ ಎಂದು ನೋಡಿರುವುದಿಲ್ಲ, ಅಷ್ಟೇ.

ನರಕೋಶ ಹುಡುಕುವ ಅಭ್ಯಾಸ

ಯಾವ ಭಾಗದ ಸ್ಲೈಡ್ ಆದರೂ ಕೊನೆಗೆ ಎರಡು ಸ್ನಾಯು ಪದರಗಳ ನಡುವಿನ ಸಂದಿಯಲ್ಲಿ 40 ಪಟ್ಟಿನಲ್ಲಿ ಸಾಗಿ. ಸ್ನಾಯುವಿಗಿಂತ ತಿಳಿಯಾದ ಒಂದು ದ್ವೀಪ ಸಿಗುತ್ತದೆ. ಅದರಲ್ಲಿ ದೊಡ್ಡ ದೇಹದ, ದುಂಡು ತಿಳಿ ಕೋಶಕೇಂದ್ರದ, ಅದರ ನಡುವೆ ಎದ್ದು ಕಾಣುವ ನ್ಯೂಕ್ಲಿಯೋಲಸ್ ಇರುವ ಕೋಶಗಳೇ ಆವರ್‌ಬಾಕ್ ಜಾಲದ ಗ್ಯಾಂಗ್ಲಿಯಾನ್ ಕೋಶಗಳು. ಕರುಳಿನ ಅಲೆಯಂಥ ಚಲನೆ ಇವುಗಳ ಹಿಡಿತದಲ್ಲಿದೆ. ಸಬ್‌ಮ್ಯೂಕೋಸದಲ್ಲಿ ಇವುಗಳ ಚಿಕ್ಕ ಗುಂಪುಗಳಿವೆ, ಮೈಸ್ನರ್ ಜಾಲ. ಅದನ್ನು ಹುಡುಕಲು ತಾಳ್ಮೆ ಬೇಕು.

ಇದು ಬರಿಯ ಪರೀಕ್ಷೆಯ ಮಾತಲ್ಲ. ಡೆನ್ಮಾರ್ಕಿನ ವೈದ್ಯ ಹೆರಾಲ್ಡ್ ಹಿರ್ಶ್‌ಸ್ಪ್ರಂಗ್ 1886ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಕರುಳಿನ ಕೊನೆಯ ಭಾಗದಲ್ಲಿ ಈ ಕೋಶಗಳೇ ಇರುವುದಿಲ್ಲ. ಹುಟ್ಟಿದ ಮಗು ಎರಡು ದಿನವಾದರೂ ಮೊದಲ ಮಲ ವಿಸರ್ಜಿಸದಿದ್ದರೆ, ಹೊಟ್ಟೆ ಉಬ್ಬಿದರೆ ಈ ಅನುಮಾನ ಬರುತ್ತದೆ. ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಗುದನಾಳದಿಂದ ತೆಗೆಯುವ ಚಿಕ್ಕ ಬಯಾಪ್ಸಿಯಲ್ಲಿ ಮ್ಯೂಕೋಸ ಮತ್ತು ಸಬ್‌ಮ್ಯೂಕೋಸ ಮಾತ್ರ ಬರುವುದರಿಂದ ರೋಗಶಾಸ್ತ್ರಜ್ಞರು ಮೈಸ್ನರ್ ಜಾಲವನ್ನೇ ಹುಡುಕಬೇಕು. ಇಲ್ಲ ಎಂದು ಬರೆಯುವ ಮುನ್ನ ಹತ್ತಾರು ಸೆಕ್ಷನ್‌ಗಳನ್ನು ಜಾಲಾಡಬೇಕು.

ಮೋಸ ಮಾಡುವ ಸ್ಲೈಡ್‌ಗಳು

ವಿಲ್ಲಸ್ ತುದಿಯಲ್ಲಿ ಕೋಶಗಳೇ ಇಲ್ಲದೆ ಬರಿ ತಿರುಳು ಕಂಡರೆ ರೋಗ ಎಂದುಕೊಳ್ಳಬೇಡಿ. ತುಂಡನ್ನು ಫಾರ್ಮಲಿನ್‌ಗೆ ಹಾಕುವುದು ತಡವಾದರೆ ಜೀರ್ಣನಾಳದ ಒಳಮೈ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ, ಮೊದಲು ಉದುರುವುದು ಮೇಲ್ಮೈ ಕೋಶಗಳು. ಗಾಢ ಬಣ್ಣದ ನೇರ ಪಟ್ಟೆ ಕಂಡರೆ ಸೆಕ್ಷನ್ ಮಡಚಿಕೊಂಡಿದೆ. ಪದರಗಳ ನಡುವೆ ಬಿಳಿ ಬಿರುಕಿದ್ದರೆ ಅಂಗಾಂಶ ಕುಗ್ಗಿದೆ. ಅನ್ನನಾಳದ ಮೇಲ್ಮೈಯನ್ನು ಓರೆಯಾಗಿ ಕೊಯ್ದಿದ್ದರೆ ಅದು ಇರುವುದಕ್ಕಿಂತ ಎರಡು ಪಟ್ಟು ದಪ್ಪ ಕಾಣುತ್ತದೆ.

ರೆಕಾರ್ಡ್ ಮತ್ತು ಸ್ಪಾಟರ್

ಗುಲಾಬಿ ಮತ್ತು ನೇರಳೆ ಪೆನ್ಸಿಲ್ ಹಿಡಿದು ರೆಕಾರ್ಡ್ ಬರೆಯುವಾಗ ಪುಸ್ತಕದ ಚಿತ್ರ ನಕಲಿಸುವುದು ವ್ಯರ್ಥ. ಮೊದಲು ನಾಲ್ಕು ಪದರಗಳ ಗಡಿ ಎಳೆಯಿರಿ, ಅವುಗಳ ದಪ್ಪದ ಪ್ರಮಾಣ ಲೆನ್ಸಿನಲ್ಲಿ ಕಂಡಂತೆಯೇ ಇರಲಿ. ಆಮೇಲೆ ಒಂದು ಮೂಲೆಯಲ್ಲಿ ಮಾತ್ರ ಕೋಶಗಳನ್ನು ತುಂಬಿ.

ಪರೀಕ್ಷೆಯಲ್ಲಿ ಸ್ಲೈಡ್ ನೋಡಿ ಗುರುತಿಸುವ ಪ್ರಶ್ನೆಗೆ, ಅಂದರೆ ಸ್ಪಾಟರ್‌ಗೆ, ಉತ್ತರ ಬರೆಯುವಾಗ ಅಂಗದ ಹೆಸರು, ಎರಡು ಗುರುತು, ಜೊತೆಗೆ ಅದನ್ನು ಹೋಲುವ ಅಂಗ ಏಕಲ್ಲ ಎಂಬುದಕ್ಕೆ ಒಂದು ಸಾಲು ಇರಲಿ. ಉದಾಹರಣೆಗೆ: "ಡ್ಯುಯೋಡಿನಮ್. ಗಾಬ್ಲೆಟ್ ಕೋಶಗಳಿರುವ ವಿಲ್ಲೈ ಇವೆ. ಸಬ್‌ಮ್ಯೂಕೋಸದಲ್ಲಿ ಬ್ರನ್ನರ್ ಗ್ರಂಥಿಗಳಿವೆ. ಒಳಮೈ ಒಂದೇ ಸಾಲಿನ ಕೋಶಗಳದ್ದಾದ್ದರಿಂದ ಅನ್ನನಾಳವಲ್ಲ."